ಸುಳಿವಿಗೂ ಒಂದು ವ್ಯಾಕರಣ

ಪದಬಂಧವೆಂದರೆ ನಮ್ಮಲ್ಲಿ ಬಹುಮಂದಿಗೆ ಪರ್ಯಾಯಪದಗಳ ಆಟ. ‘ಆನೆ’ ಎಂದು ಸುಳಿವು ಕೊಟ್ಟು ಎರಡು ಮನೆಗಳನ್ನು ಬಿಟ್ಟಿದ್ದರೆ ‘ಗಜ’ ಎಂದೋ ‘ಕರಿ’ ಎಂದೋ ತುಂಬುತ್ತೇವೆ. ಎರಡರಲ್ಲಿ ಯಾವುದು ಸರಿ ಎಂಬುದನ್ನು ಮೇಲಿನಿಂದ ಇಳಿದು ಬರುವ ಪದ ತೀರ್ಮಾನಿಸುತ್ತದೆ. ಇದಕ್ಕೆ ನೆನಪೊಂದಿದ್ದರೆ ಸಾಕು. ಆದರೆ 1920ರ ದಶಕದಿಂದೀಚೆಗೆ ಇಂಗ್ಲೆಂಡಿನಲ್ಲಿ ಬೆಳೆದುಬಂದ ಇನ್ನೊಂದು ಜಾತಿಯ ಪದಬಂಧ ಉಂಟು. ಅಲ್ಲಿ ಸುಳಿವು ಹೇಳುವುದೊಂದು, ಸೂಚಿಸುವುದು ಇನ್ನೊಂದು. ಅವರು ಅದನ್ನು ಕ್ರಿಪ್ಟಿಕ್ ಕ್ರಾಸ್‌ವರ್ಡ್ ಎನ್ನುತ್ತಾರೆ. ಗೂಢಪದಬಂಧ ಎಂದು ಕರೆದರೆ ನಮ್ಮ ಕಿವಿಗೆ ಒಗ್ಗೀತು.

ಉದಾಹರಣೆಯಿಲ್ಲದೆ ಇದು ತಿಳಿಯುವುದಿಲ್ಲ. ‘ಹೊಸ ಮರದೊಳಗೆ ಯುದ್ಧ’ — ಮೂರಕ್ಷರ. ಓದಿದೊಡನೆ ಗೆದ್ದಲುಗಳ ಜಗಳವೋ ಹಕ್ಕಿಗಳ ಕಾದಾಟವೋ ಕಣ್ಣಮುಂದೆ ಬರುತ್ತದೆ. ಅದೇ ಬಲೆ. ಸುಳಿವಿನ ಅರ್ಥದ ಭಾಗ ಕೊನೆಯ ‘ಯುದ್ಧ’ ಎಂಬ ಪದ ಮಾತ್ರ. ಉಳಿದದ್ದು ಅಕ್ಷರಗಳ ಲೆಕ್ಕ: ‘ಹೊಸ ಮರ’ ಎಂಬ ನಾಲ್ಕು ಅಕ್ಷರಗಳ ಒಳಗೆ ‘ಸಮರ’ ಅಡಗಿ ಕುಳಿತಿದೆ. ಇನ್ನೊಂದು: ‘ನದಿ ಹಿಮ್ಮುಖವಾಗಿ ಹರಿದರೆ ಇಪ್ಪತ್ತನಾಲ್ಕು ಗಂಟೆ’. ನದಿಯನ್ನು ತಿರುಗಿಸಿ ಓದಿದರೆ ದಿನ. ಒಂದೇ ಉತ್ತರಕ್ಕೆ ಎರಡು ದಾರಿಗಳಿವೆ, ಒಂದು ಅರ್ಥದ್ದು, ಇನ್ನೊಂದು ಅಕ್ಷರದ್ದು. ಎರಡೂ ಒಂದೇ ಪದದಲ್ಲಿ ಬಂದು ಕೂಡಿದಾಗ ಬಿಡಿಸುವವನಿಗೆ ಸಂದೇಹ ಉಳಿಯುವುದಿಲ್ಲ.

ಈ ಆಟದ ಮೂಲ ಅಮೆರಿಕದ್ದು. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಜ್ರಾಕೃತಿಯ ಮೊದಲ ಪದಬಂಧವನ್ನು ಪ್ರಕಟಿಸಿದ. 1924ರಲ್ಲಿ ಸೈಮನ್ ಮತ್ತು ಶುಸ್ಟರ್ ಎಂಬ ಹೊಸ ಪ್ರಕಾಶಕರು ತಮ್ಮ ಮೊದಲ ಪುಸ್ತಕವಾಗಿ ಪದಬಂಧಗಳ ಸಂಕಲನವನ್ನೇ ಹೊರತಂದರು, ಜೊತೆಗೊಂದು ಪೆನ್ಸಿಲನ್ನೂ ಕೊಟ್ಟರು. ಆ ದೇಶಕ್ಕೆ ಪದಬಂಧದ ಹುಚ್ಚು ಹಿಡಿದದ್ದು ಆಗ. ಇಂಗ್ಲೆಂಡಿನ ‘ಡೈಲಿ ಟೆಲಿಗ್ರಾಫ್’ 1925ರಲ್ಲಿಯೂ, ‘ದಿ ಟೈಮ್ಸ್’ 1930ರ ಫೆಬ್ರವರಿ 1ರಂದೂ ಇದಕ್ಕೆ ಜಾಗ ಕೊಟ್ಟವು. ‘ಟೈಮ್ಸ್’ಗೆ ಮೊದಲ ಪದಬಂಧಗಳನ್ನು ರಚಿಸಿದ ಏಡ್ರಿಯನ್ ಬೆಲ್ ಬೇಸಾಯಗಾರ, ಲೇಖಕ, ಅದುವರೆಗೆ ಒಂದು ಪದಬಂಧವನ್ನೂ ಬಿಡಿಸಿದವನಲ್ಲ!

ಆದರೆ ಅರ್ಥ ಹೇಳುವ ಸುಳಿವನ್ನು ಪೂರ್ತಿ ಗೂಢವಾಗಿಸಿದ ಕೀರ್ತಿ ಎಡ್ವರ್ಡ್ ಪವಿಸ್ ಮ್ಯಾದರ್ಸ್‌ಗೆ ಸಲ್ಲಬೇಕು. ಆತ ‘ದಿ ಅಬ್ಸರ್ವರ್’ ವಾರಪತ್ರಿಕೆಯಲ್ಲಿ 1926ರಿಂದ 1939ರಲ್ಲಿ ಸಾಯುವವರೆಗೆ ‘ಟಾರ್ಕೆಮಾಡಾ’ ಎಂಬ ಹೆಸರಿನಿಂದ ಪದಬಂಧ ರಚಿಸಿದ. ಟಾರ್ಕೆಮಾಡಾ ಹದಿನೈದನೆಯ ಶತಮಾನದ ಸ್ಪೇನಿನಲ್ಲಿ ಧರ್ಮವಿಚಾರಣೆಯ ಹೆಸರಿನಲ್ಲಿ ಜನರನ್ನು ಹಿಂಸಿಸಿದ ಕುಖ್ಯಾತ ಅಧಿಕಾರಿ. ಓದುಗರನ್ನು ಹಿಂಸಿಸುವುದೇ ತನ್ನ ಕೆಲಸವೆಂದು ಮ್ಯಾದರ್ಸ್ ಮೊದಲೇ ಸಾರಿಬಿಟ್ಟನೆನ್ನಿ. ಅವನು 1934ರಲ್ಲಿ ಬರೆದ ‘ಕೇನ್ಸ್ ಜಾಬೋನ್’ ಎಂಬ ಕೊಲೆಯ ಕಥೆಯ ನೂರು ಪುಟಗಳನ್ನು ಬೇಕೆಂದೇ ಕ್ರಮ ತಪ್ಪಿಸಿ ಅಚ್ಚು ಹಾಕಲಾಗಿತ್ತು. ಆ ಕಾಲದಲ್ಲಿ ಸರಿಯಾದ ಕ್ರಮವನ್ನು ಕಂಡುಹಿಡಿದವರು ಇಬ್ಬರೇ.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಸಂಗತಿ ಉಂಟು. ಇದೇ ಮ್ಯಾದರ್ಸ್ 1919ರಲ್ಲಿ ‘ಬ್ಲ್ಯಾಕ್ ಮೇರಿಗೋಲ್ಡ್ಸ್’ ಎಂಬ ನೀಳ್ಗವನವನ್ನು ಪ್ರಕಟಿಸಿದ. ಅದು ಬಿಲ್ಹಣನ ‘ಚೌರಪಂಚಾಶಿಕಾ’ದ ಸ್ವತಂತ್ರ ರೂಪಾಂತರ. ಕಾಶ್ಮೀರದಿಂದ ಹೊರಟು ಊರೂರು ಅಲೆದ ಬಿಲ್ಹಣ ಕೊನೆಗೆ ನೆಲೆ ಕಂಡದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ‘ವಿಕ್ರಮಾಂಕದೇವಚರಿತ’ವನ್ನು ಬರೆದ ಆ ಕವಿ ಅಲ್ಲಿ ವಿದ್ಯಾಪತಿ ಎನಿಸಿಕೊಂಡ. ಅದೇ ಆಸ್ಥಾನದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನಕ್ಕೆ ‘ಮಿತಾಕ್ಷರಾ’ ಎಂದು ಹೆಸರು. ಅಕ್ಷರಗಳನ್ನು ಎಣಿಸಿ ಮನೆಗಳಲ್ಲಿ ಕೂಡಿಸುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಹೆಸರು ಇನ್ನೇನು ಬೇಕು? ಬಿಲ್ಹಣನ ಶ್ಲೋಕಗಳಲ್ಲಿ ಪಳಗಿದ ಕೈಯೇ ಮುಂದೆ ಇಂಗ್ಲಿಷ್ ಸುಳಿವಿನ ಸ್ವರೂಪವನ್ನು ಬದಲಿಸಿತೆಂಬುದು, ಶ್ಲೇಷವನ್ನು ಮೂವತ್ತು ವರ್ಷ ಪಾಠ ಹೇಳಿದ ನನ್ನಂಥವನಿಗೆ, ಅಷ್ಟೇನೂ ಆಶ್ಚರ್ಯದ ವಿಷಯವಾಗಿ ತೋರುವುದಿಲ್ಲ.

ಟಾರ್ಕೆಮಾಡಾ ಪ್ರತಿಭಾವಂತ, ಆದರೆ ನಿಯಮಕ್ಕೆ ಸಿಕ್ಕುವವನಲ್ಲ. ಅವನ ಸುಳಿವುಗಳಲ್ಲಿ ಕೆಲವು, ಉತ್ತರ ತಿಳಿದ ಮೇಲೂ ಬಗೆಹರಿಯುವುದಿಲ್ಲ. ನಮ್ಮ ಮುಂಡಿಗೆಗಳ ವಿಷಯವೂ ಒಂದು ಬಗೆಯಲ್ಲಿ ಹೀಗೆಯೇ. ಕನಕದಾಸರ ಮುಂಡಿಗೆಯನ್ನು ಒಡೆಯಬೇಕಾದರೆ ಪುರಾಣ ಗೊತ್ತಿರಬೇಕು, ಸಂಪ್ರದಾಯ ಬಲ್ಲವರು ಪಕ್ಕದಲ್ಲಿರಬೇಕು. ಅರ್ಥ ಇದೇ ಎನ್ನುವುದಕ್ಕೆ ಪ್ರಮಾಣ ಪದ್ಯದ ಹೊರಗಿರುತ್ತದೆ. ಮುಂಡಿಗೆಗೆ ಅದು ಕುಂದಲ್ಲ, ಅದರ ಉದ್ದೇಶವೇ ಬೇರೆ. ಆದರೆ ಹಾಲು ಮಾರುವವನೂ ನ್ಯಾಯಾಧೀಶನೂ ಒಂದೇ ಬೆಳಗ್ಗೆ ಬಿಡಿಸುವ ಪತ್ರಿಕೆಯ ಆಟಕ್ಕೆ ಅದು ಸಲ್ಲದು. ಅಲ್ಲಿ ಪ್ರಮಾಣ ಸುಳಿವಿನೊಳಗೇ ಇರಬೇಕು.

ಈ ತತ್ತ್ವವನ್ನು ಸ್ಪಷ್ಟವಾಗಿ ಹೇಳಿದವರು ಇಬ್ಬರು ಮೇಷ್ಟರು. ವೆಲ್ಸ್ ಕ್ಯಾಥೀಡ್ರಲ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಪಾದ್ರಿ ರಿಚಿ, ‘ಆಫ್ರಿಟ್’ ಎಂಬ ಹೆಸರಿನಿಂದ 1949ರಲ್ಲಿ ತಂದ ಪುಸ್ತಕದಲ್ಲಿ ಹೇಳಿದ ಮಾತಿನ ತಾತ್ಪರ್ಯ ಇದು: ರಚಿಸುವವನು ಓದುಗನನ್ನು ಅಡ್ಡದಾರಿಗೆ ಎಳೆಯಬಹುದು, ಆದರೆ ಅವನು ಬಳಸಿದ ಪದಗಳು ನಿಜವಾಗಿ ಆ ಉತ್ತರವನ್ನೇ ಹೇಳುತ್ತಿರಬೇಕು. ಇನ್ನೊಬ್ಬ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಲ್ಲಿ ಗ್ರೀಕ್ ಲ್ಯಾಟಿನ್ ಕಲಿಸುತ್ತಿದ್ದ ಡೆರಿಕ್ ಸಾಮರ್ಸೆಟ್ ಮ್ಯಾಕ್‌ನಟ್. ‘ಅಬ್ಸರ್ವರ್’ನಲ್ಲಿ ಟಾರ್ಕೆಮಾಡಾನ ಸ್ಥಾನಕ್ಕೆ ಬಂದ ಈತ ಇನ್ನೊಬ್ಬ ಸ್ಪೇನಿನ ವಿಚಾರಣಾಧಿಕಾರಿ ‘ಕ್ಸಿಮೆನಿಸ್’ನ ಹೆಸರನ್ನು ಇಟ್ಟುಕೊಂಡ, 1966ರಲ್ಲಿ ಪದಬಂಧದ ಕಲೆಯನ್ನು ಕುರಿತು ಶಾಸ್ತ್ರಗ್ರಂಥವನ್ನೇ ಬರೆದ. 1972ರಲ್ಲಿ ಅವನ ಉತ್ತರಾಧಿಕಾರಿಯಾದ ಜಾನಥನ್ ಕ್ರೌದರ್, ‘ಡೆಜಾ’ ಎಂಬ ಮತ್ತೊಬ್ಬ ವಿಚಾರಣಾಧಿಕಾರಿಯ ಹೆಸರನ್ನು ತಿರುಗಿಸಿ ‘ಅಜೆಡ್’ ಆದ. ಅದರಲ್ಲಿ ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರ ‘ಎ’ಯೂ ಕೊನೆಯ ‘ಜೆಡ್ಡೂ’ ಸೇರಿಕೊಂಡಿವೆ! ಕ್ಸಿಮೆನಿಸ್‌ನ ಶಾಸ್ತ್ರವನ್ನು ಅಜೆಡ್ ಸಂಗ್ರಹಿಸಿದ್ದು ಹೀಗೆ: ಖಚಿತವಾದ ಅರ್ಥಸೂಚನೆ, ನ್ಯಾಯವಾದ ರಚನಾಸೂಚನೆ, ಇವೆರಡರ ಹೊರತು ಮತ್ತೇನೂ ಇರಕೂಡದು.

ಆ ‘ಮತ್ತೇನೂ ಇರಕೂಡದು’ ಎಂಬುದು ಸಾಮಾನ್ಯ ಮಾತಲ್ಲ. ಕಾಳಿದಾಸನಿಗೆ ಟೀಕೆ ಬರೆಯುವಾಗ ಮಲ್ಲಿನಾಥ ಕೈಗೊಂಡ ಪ್ರತಿಜ್ಞೆಯೂ ಇದರ ನೆರೆಯದೇ: ಮೂಲದಲ್ಲಿ ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ. ಗೂಢಪದಬಂಧದಲ್ಲಿ ಬಿಡಿಸುವುದು ಬೇರೆ, ವಿವರಿಸುವುದು ಬೇರೆ. ಅಡ್ಡ ಬಂದ ಅಕ್ಷರಗಳ ಬಲದಿಂದ ಪದವನ್ನು ಊಹಿಸಿ ತುಂಬಿದವನು ಇನ್ನೂ ಅರ್ಧ ದಾರಿಯಲ್ಲಿದ್ದಾನೆ. ಸುಳಿವಿನ ಒಂದೊಂದು ಪದವೂ ಉತ್ತರದ ಯಾವ ಭಾಗಕ್ಕೆ ದುಡಿಯುತ್ತದೆಂದು ಅನ್ವಯಿಸಿ ತೋರಿಸಬೇಕು. ಒಂದು ಪದ ಕೆಲಸವಿಲ್ಲದೆ ಉಳಿದರೆ ಉತ್ತರ ತಪ್ಪಾಗಿರಬೇಕು, ಇಲ್ಲವೆ ಸುಳಿವೇ ಕೆಟ್ಟದ್ದಾಗಿರಬೇಕು. ಇಂಗ್ಲಿಷಿನಲ್ಲಿ ಒಂದು ಪ್ರಸಿದ್ಧ ಸುಳಿವಿದೆ: ‘ಎಚ್’ನಿಂದ ‘ಓ’ವರೆಗಿನ ಎಂಟು ಅಕ್ಷರಗಳನ್ನು ಸಾಲಾಗಿ ಬರೆದಿರುತ್ತಾರೆ, ಅಷ್ಟೆ. ಉತ್ತರ ‘ವಾಟರ್’ — ‘ಎಚ್ ಟು ಓ’ ನೀರಿನ ರಾಸಾಯನಿಕ ಸೂತ್ರವಲ್ಲವೆ! ಕೇಳಿದವರು ನಗುತ್ತಾರೆ. ಕ್ಸಿಮೆನಿಸ್‌ನ ಶಿಷ್ಯರು ಮಾತ್ರ ಇದರಲ್ಲಿ ಅರ್ಥಸೂಚನೆಯೇ ಇಲ್ಲವೆಂದು ಮೂಗು ಮುರಿಯುತ್ತಾರೆ. ನನ್ನ ಮಟ್ಟಿಗೆ, ಇಂಥ ಒಂದೆರಡು ಅಪವಾದಗಳನ್ನು ಶಾಸ್ತ್ರ ತಡೆದುಕೊಳ್ಳಬೇಕು; ಹತ್ತನ್ನು ತಡೆದುಕೊಳ್ಳಲಾರದು.

ಆಟ ಆಟವಾಗಿಯೇ ಉಳಿಯದ ಕಾಲವೂ ಒಂದು ಬಂತು. 1942ರ ಜನವರಿಯಲ್ಲಿ ‘ಡೈಲಿ ಟೆಲಿಗ್ರಾಫ್’ ಪದಬಂಧವನ್ನು ಹನ್ನೆರಡು ನಿಮಿಷದೊಳಗೆ ಬಿಡಿಸುವ ಸ್ಪರ್ಧೆ ನಡೆಸಿತು. ಭಾಗವಹಿಸಿದ ಕೆಲವರಿಗೆ ಅನಂತರ ಯುದ್ಧಖಾತೆಯಿಂದ ಕರೆ ಹೋಯಿತು. ಅವರು ಸೇರಿದ್ದು ಜರ್ಮನರ ಗುಪ್ತಲಿಪಿಯನ್ನು ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕನ್ನು. ಎರಡು ವರ್ಷದ ಮೇಲೆ ಅದೇ ಪತ್ರಿಕೆಯ ಪದಬಂಧ ಸರ್ಕಾರದ ಎದೆ ನಡುಗಿಸಿತು. 1944ರ ಮೇ ತಿಂಗಳಲ್ಲಿ ಉತ್ತರಗಳಾಗಿ ಒಂದೊಂದಾಗಿ ಬಂದ ಪದಗಳು: ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬೆರಿ, ಜೂನ್ ಮೊದಲಲ್ಲಿ ನೆಪ್ಚೂನ್. ಯೂಟಾ, ಒಮಾಹಾಗಳು ಅಮೆರಿಕದ ಸೇನೆ ಇಳಿಯಬೇಕಾಗಿದ್ದ ನಾರ್ಮಂಡಿಯ ಕಡಲತೀರಗಳ ಗುಪ್ತನಾಮಗಳು. ಓವರ್‌ಲಾರ್ಡ್ ಇಡೀ ಆಕ್ರಮಣದ ಹೆಸರು. ಮಲ್ಬೆರಿ ಕೃತಕ ಬಂದರಿನದು. ನೆಪ್ಚೂನ್ ನೌಕಾ ಕಾರ್ಯಾಚರಣೆಯದು. ಸೇನೆ ಇಳಿದದ್ದು ಜೂನ್ 6ರಂದು.

ಪದಬಂಧ ರಚಿಸಿದವನು ಲಿಯೊನಾರ್ಡ್ ಡಾ, ಲಂಡನ್ನಿನ ಸ್ಟ್ರ್ಯಾಂಡ್ ಶಾಲೆಯ ಮುಖ್ಯೋಪಾಧ್ಯಾಯ. ಗುಪ್ತಚರ ಅಧಿಕಾರಿಗಳು ಬಂದು ಅವನನ್ನು ಬಿಡದೆ ಪ್ರಶ್ನಿಸಿದರು. ವಿಚಾರಣಾಧಿಕಾರಿಯ ಹೆಸರಿಟ್ಟುಕೊಂಡವರು ಸುಖವಾಗಿದ್ದರು, ವಿಚಾರಣೆಗೆ ಸಿಕ್ಕಿದವನು ಹೆಸರಿಲ್ಲದೆ ಬರೆಯುತ್ತಿದ್ದ ಈ ಮೇಷ್ಟರು! ಕೊನೆಗೆ ಅವನಿಂದ ಏನೂ ಹೊರಡದೆ ಬಿಟ್ಟುಬಿಟ್ಟರು. ನಾಲ್ವತ್ತು ವರ್ಷಗಳ ಮೇಲೆ, 1984ರಲ್ಲಿ, ಅವನ ಹಳೆಯ ವಿದ್ಯಾರ್ಥಿ ರೊನಾಲ್ಡ್ ಫ್ರೆಂಚ್ ಬೇರೊಂದು ವೃತ್ತಾಂತ ಹೇಳಿದ. ಡಾ ಮೇಷ್ಟರು ಖಾಲಿ ಮನೆಗಳನ್ನು ಹುಡುಗರ ಕೈಗೆ ಕೊಟ್ಟು ಪದಗಳನ್ನು ತುಂಬಿಸುತ್ತಿದ್ದರು, ಆಮೇಲೆ ತಾವು ಸುಳಿವು ಬರೆಯುತ್ತಿದ್ದರು. ಯುದ್ಧದ ನಿಮಿತ್ತ ಶಾಲೆ ಎಫಿಂಗ್‌ಹ್ಯಾಮ್ ಹಳ್ಳಿಗೆ ಸ್ಥಳಾಂತರಗೊಂಡಿತ್ತು. ಹತ್ತಿರದಲ್ಲೇ ಸೈನಿಕರ ಶಿಬಿರ. ಅಲ್ಲಿ ಓಡಾಡುತ್ತಿದ್ದ ಹದಿನಾಲ್ಕರ ಹುಡುಗ, ಕಿವಿಗೆ ಬಿದ್ದ ಪದಗಳನ್ನು ತುಂಬಿಬಿಟ್ಟನಂತೆ. ಡಾ 1963ರಲ್ಲೇ ತೀರಿಕೊಂಡಿದ್ದುದರಿಂದ ಇದನ್ನು ಹೌದೆನ್ನಲು, ಅಲ್ಲವೆನ್ನಲು ಅವನಿಲ್ಲ. ನನಗಂತೂ ಆ ಹುಡುಗನ ಮಾತೇ ನಂಬಿಕೆಗೆ ಹತ್ತಿರವಾಗಿ ಕಾಣುತ್ತದೆ.

ನಮ್ಮ ದೇಶದಲ್ಲಿ ಈ ಕಲೆ ಬೇರೂರಿದ್ದು ಇಂಗ್ಲಿಷ್ ಪತ್ರಿಕೆಗಳ ಮೂಲಕ. ಭಾರತೀಯ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ, ಅಡ್ಮಿರಲ್ ಕಟಾರಿಯವರು, ನಿವೃತ್ತಿಯ ನಂತರ ‘ದಿ ಹಿಂದೂ’ ಪತ್ರಿಕೆಗೆ ಪದಬಂಧ ರಚಿಸುತ್ತಿದ್ದರು.

ಕನ್ನಡದಲ್ಲಿ ಇದು ಸಾಧ್ಯವೆ? ತೊಡಕುಗಳಿವೆ. ಇಂಗ್ಲಿಷಿನ ಸ್ವರವೂ ವ್ಯಂಜನವೂ ಬೇರೆ ಬೇರೆ ಮನೆಗಳಲ್ಲಿ ಕೂರುತ್ತವೆ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರಗಳೆಲ್ಲ ಒಂದೇ ಮನೆಯಲ್ಲಿ. ಇಂಗ್ಲಿಷ್ ಲಿಪಿಯಲ್ಲಿ ನಾಲ್ಕೈದು ಮನೆ ಬೇಡುವ ‘ಸ್ತ್ರೀ’ ನಮ್ಮಲ್ಲಿ ಒಂದೇ ಮನೆಯವಳು. ಆದ್ದರಿಂದ ಅಕ್ಷರಗಳನ್ನು ಕಲಸಿ ಹೊಸ ಪದ ಮಾಡುವ ಅವರ ಅಚ್ಚುಮೆಚ್ಚಿನ ತಂತ್ರ ನಮಗೆ ಅಷ್ಟಾಗಿ ಒದಗದು. ವಿಭಕ್ತಿ ಪ್ರತ್ಯಯಗಳೂ ಬೇಡದ ಕಡೆ ಅಂಟಿಕೊಳ್ಳುತ್ತವೆ. ಆದರೆ ಕಳೆದುಕೊಂಡದ್ದನ್ನು ನಮ್ಮ ಕ್ರಿಯಾಪದಗಳು ತುಂಬಿಕೊಡುತ್ತವೆ. ‘ತಿರುಗು’ ಎಂಬುದನ್ನೇ ನೋಡಿ: ಅಲೆಯುವುದೂ ತಿರುಗುವುದೇ, ಹಿಂದುಮುಂದಾಗುವುದೂ ತಿರುಗುವುದೇ. ‘ಕಾಡು ತಿರುಗಿದರೆ ಹೊಸದು’, ಎರಡಕ್ಷರ. ಕಾಡು ವನ, ತಿರುಗಿದರೆ ನವ. ಇಲ್ಲಿ ಒಂದು ಪದವೂ ಕೆಲಸವಿಲ್ಲದೆ ಕುಳಿತಿಲ್ಲ. ಬಿಲ್ಹಣನಂತೆ ದೇಶ ಸುತ್ತಿದವನೊಬ್ಬನ ಮಾತಿನಂತೆಯೂ ಅದು ಕೇಳಿಸುತ್ತದೆ.