ಪ್ಯಾರಿಸ್ಸಿನ ಗಾಜಿನ ಗಂಟೆಗಳು

ಡಿಸೆಂಬರಿನಲ್ಲಿ ಆಸ್ಪರಾಗಸ್, ಜನವರಿಯಲ್ಲಿ ಎಳೆ ಲೆಟ್ಯೂಸ್. ಫ್ರಾನ್ಸಿನ ದೊರೆ 14ನೇ ಲೂಯಿಯ ಊಟಕ್ಕೆ ಹೀಗೆ ಕಾಲವಲ್ಲದ ಕಾಲದಲ್ಲಿ ತರಕಾರಿ ಒದಗಿಸುತ್ತಿದ್ದವನು ವರ್ಸೈ ಅರಮನೆಯ ತೋಟಗಾರ ಲಾ ಕ್ಯಾಂಟಿನಿ. 1678ರಿಂದ 1683ರವರೆಗೆ ಅವನು ಕಟ್ಟಿದ ತೋಟದಲ್ಲಿ ಕುದುರೆಗೊಬ್ಬರ ತುಂಬಿದ ಬೆಚ್ಚನೆಯ ಮಡಿಗಳಿದ್ದವು. ಸಸಿಗಳ ಮೇಲೆ ಕವುಚಲು ಗಾಜಿನ ಗಂಟೆಗಳಿದ್ದವು. ಫ್ರೆಂಚಿನಲ್ಲಿ ಗಂಟೆಗೆ 'ಕ್ಲೋಶ್' ಎನ್ನುತ್ತಾರೆ. ಗಾಜಿನ ಈ ಮುಚ್ಚಳಕ್ಕೂ ಅದೇ ಹೆಸರಾಯಿತು.

ಆದರೆ ಈ ವಿದ್ಯೆ ಪಳಗಿದ್ದು ಅರಮನೆಯಲ್ಲಲ್ಲ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಅಂಚಿನಲ್ಲಿ ತುಂಡು ಜಮೀನು ಗೇಣಿಗೆ ಹಿಡಿದ ತರಕಾರಿ ಬೆಳೆಗಾರರ ಕೈಯಲ್ಲಿ. ಅವರನ್ನು 'ಮಾರೆಶೇ' ಎನ್ನುತ್ತಿದ್ದರು. ಜೌಗು ನೆಲ ಎಂಬ ಅರ್ಥದ 'ಮಾರೆ'ಯಿಂದ ಬಂದ ಪದ ಅದು. ಅವರಲ್ಲೇ ಇಬ್ಬರು, ಮೊರೋ ಮತ್ತು ದಾವೆರ್ನ್, 1845ರಲ್ಲಿ ತಮ್ಮ ಕಸುಬಿನ ಕೈಪಿಡಿಯನ್ನೇ ಬರೆದರು.

ಅವರ ಗಾಜಿನ ಗಂಟೆ ಒಂದಡಿಗಿಂತ ತುಸು ಎತ್ತರ, ಒಂದೂವರೆ ಅಡಿಯ ಆಸುಪಾಸು ಬಾಯಗಲ. ಅಷ್ಟೇ ಜಾಗದಲ್ಲಿ ನಡುವೆ ಉದ್ದೆಲೆಯ ಲೆಟ್ಯೂಸ್ ಒಂದು, ಸುತ್ತ ಗುಂಡು ಲೆಟ್ಯೂಸ್ ಮೂರೋ ನಾಲ್ಕೋ. ಹಗಲಿನ ಬಿಸಿಲು ಗಾಜು ದಾಟಿ ಮಣ್ಣನ್ನು ಕಾಯಿಸುತ್ತಿತ್ತು. ಚಳಿಗಾಳಿ ಹೊರಗೇ ನಿಲ್ಲುತ್ತಿತ್ತು. ನೀರು ಹೆಪ್ಪುಗಟ್ಟುವ ಇರುಳಿಗೆ ಮಾತ್ರ ಇಷ್ಟು ಸಾಲದು. ಕೆಳಗೆ ಕೊಳೆಯುತ್ತಿದ್ದ ಗೊಬ್ಬರದ ಕಾವು ಬೇಕು, ಮೇಲೆ ಹುಲ್ಲಿನ ಚಾಪೆ ಬೇಕು. ಸಂಜೆ ಹಾಸಿದ ಚಾಪೆಯನ್ನು ಬೆಳಗಾದೊಡನೆ ಸುತ್ತಿಡಬೇಕು. ಬಿಸಿಲೇರಿದರೆ ಅದೇ ಗಾಜಿನೊಳಗೆ ಎಲೆ ಬೆಂದುಹೋದೀತು. ಹಾಗಾಗಿ ಮೆಟ್ಟಿಲಂತೆ ಕಚ್ಚು ಕೊರೆದ ಕಡ್ಡಿಯನ್ನು ಅಂಚಿಗೆ ಕೊಟ್ಟು ಗಂಟೆಯನ್ನು ಬೇಕಾದಷ್ಟೇ ಎತ್ತಬೇಕು. ಒಂದೊಂದು ತೋಟದಲ್ಲೂ ನೂರಾರು ಗಂಟೆಗಳು; ಒಂದೊಂದಕ್ಕೂ ಬೆನ್ನು ಬಗ್ಗಿಸಬೇಕು. ಗಾಜಿನ ಹೊಳಪನ್ನು ಮೆಚ್ಚುವವರು ಈ ದುಡಿಮೆಯನ್ನು ಮರೆಯಬಾರದು.

ಇಂಗ್ಲೆಂಡಿನ ಈವ್‌ಶಮ್ ಸೀಮೆಯ ಬೆಳೆಗಾರರು 1905ರಲ್ಲಿ ಪ್ಯಾರಿಸ್ಸಿಗೆ ಹೋಗಿ ಈ ತೋಟಗಳನ್ನು ಕಂಡು ಬಂದರು. 'ಫ್ರೆಂಚ್ ತೋಟಗಾರಿಕೆ'ಯ ಗೀಳು ಅಲ್ಲೂ ಕೆಲವು ಕಾಲ ಹಬ್ಬಿತು. 1912ರಲ್ಲಿ ಮೇಜರ್ ಚೇಸ್ ಎಂಬಾತ ಚಪ್ಪಟೆ ಗಾಜುಗಳನ್ನು ತಂತಿಯಿಂದ ಜೋಡಿಸಿ, ಒಂದಕ್ಕೊಂದು ಹೊಂದಿಸಿ ಸಾಲುದ್ದಕ್ಕೂ ಇಡಬಹುದಾದ ಕ್ಲೋಶ್ ರೂಪಿಸಿದ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಹಿತ್ತಿಲುಗಳಲ್ಲಿ ಇಂಥವಕ್ಕೆ ಬೆಲೆ ಬಂತು. ಆಮೇಲೆ ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು.

ಪ್ಯಾರಿಸ್ಸಿನಲ್ಲಿ ಪೆಟ್ಟು ಬಿದ್ದದ್ದು ಗಾಜಿಗಿಂತ ಮೊದಲು ಗೊಬ್ಬರಕ್ಕೆ. ಊರಿನ ಲಾಯಗಳ ಲದ್ದಿಯೇ ಈ ತೋಟಗಳ ಒಲೆಯಾಗಿತ್ತು. ಮೋಟಾರು ಗಾಡಿಗಳು ಹೆಚ್ಚಿದಂತೆ ಕುದುರೆಗಳು ಕರಗಿದವು, ಲದ್ದಿಯೂ ಕರಗಿತು. ಬೆಚ್ಚನೆಯ ದಕ್ಷಿಣದಿಂದ ರೈಲು ತರಕಾರಿ ತಂದು ಸುರಿಯುತ್ತಿತ್ತು. ನಗರ ಬೆಳೆದಂತೆಲ್ಲ ತೋಟ ಹೊರಕ್ಕೆ ಸರಿಯಬೇಕಿತ್ತು. ವರ್ಷಗಟ್ಟಲೆ ಗೊಬ್ಬರ ಸುರಿದು ಬೆಳೆಗಾರನೇ ಮಾಡಿದ ಮಣ್ಣು ಆಗ ಯಾರದು? ಗೇಣಿ ಬಿಡುವಾಗ ಮೇಲ್ಮಣ್ಣನ್ನು ಇಂತಿಷ್ಟು ಆಳದವರೆಗೆ ಒಯ್ಯಬಹುದೆಂಬ ಷರತ್ತು ಕರಾರಿನಲ್ಲೇ ಇರುವುದು ರೂಢಿ ಎಂದು ರಷ್ಯನ್ ಚಿಂತಕ ಕ್ರೊಪೊಟ್ಕಿನ್ ದಾಖಲಿಸಿದ್ದಾನೆ. ಬೆಳೆಗಾರ ಹೊಸ ಜಾಗಕ್ಕೆ ಹೊರಟರೆ ಗಾಜಿನ ಗಂಟೆಗಳ ಜೊತೆಗೆ ಮಣ್ಣೂ ಗಾಡಿ ಏರಬಹುದಿತ್ತು.