ಚಿಲಿಂಬಿಯಿಂದ ಶೇಡಿಗುಡ್ಡೆಗೆ

ಮಂಗಳೂರಿನ ಉರ್ವ ಚಿಲಿಂಬಿಯ ಒಂದು ಬಾಡಿಗೆ ಮನೆಯಲ್ಲಿ 1892ರಲ್ಲಿ ಶಾಲೆಯೊಂದು ಶುರುವಾಯಿತು. ದಲಿತ ಮಕ್ಕಳಿಗೆಂದೇ ತೆರೆದ ಶಾಲೆ. ಹೆಚ್ಚು ದಿನ ಅಲ್ಲಿ ಉಳಿಯಲಿಲ್ಲ. ಕಂಕನಾಡಿಗೆ ಹೋಯಿತು, ಅಲ್ಲೂ ನೆಲೆ ನಿಲ್ಲಲಿಲ್ಲ. ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ತಳವೂರಿತು. ಊರಿನ ಚರಿತ್ರೆ ಬರೆಯುವವರು ಈ ಅಲೆದಾಟವನ್ನು ಒಂದು ಸಾಲಿನಲ್ಲಿ ಮುಗಿಸಿ, ಸ್ಥಾಪಕರಾದ ಕುದ್ಮುಲ್ ರಂಗರಾಯರ ಗುಣಗಾನಕ್ಕೆ ಇಳಿಯುತ್ತಾರೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿಕೊಂಡು ಬಂದ ನನಗೆ ಆ ಒಂದು ಸಾಲನ್ನು ದಾಟಿ ಹೋಗಲು ಮನಸ್ಸೇ ಬರುವುದಿಲ್ಲ. ಅಕ್ಷರ ಕಲಿಸುವ ಒಂದು ಕೋಣೆಗೆ ಇಷ್ಟು ದೊಡ್ಡ ಪೇಟೆಯಲ್ಲಿ ಜಾಗ ಸಿಗದಂತೆ ಮಾಡಿದ್ದು ಯಾರೋ ಒಬ್ಬ ಕೆಟ್ಟ ಮನುಷ್ಯನಲ್ಲ. ಇಡೀ ಊರು ಸೇರಿ ಮಾಡಿದ ಕೆಲಸ ಅದು.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು. ಮೊದಲು ಮಾಸ್ತರಿಕೆ, ಆಮೇಲೆ ಪರೀಕ್ಷೆ ಕಟ್ಟಿ ವಕೀಲಿಕೆ. 1870ರಲ್ಲೇ ಮಂಗಳೂರಿಗೆ ಜಾತಿಭೇದ ಒಪ್ಪದ ಬ್ರಹ್ಮಸಮಾಜ ಬಂದಿತ್ತು. ಅದನ್ನು ಇಲ್ಲಿ ಬೆಳೆಸಿದ ಉಳ್ಳಾಲ ರಘುನಾಥಯ್ಯನವರ ಪ್ರಭಾವ ಈ ತರುಣ ವಕೀಲರ ಮೇಲೆ ಬಿತ್ತು. ಜಾತಿ ಸುಳ್ಳು ಎಂದು ಸಭೆಯಲ್ಲಿ ಹೇಳುವುದಕ್ಕೆ ಆ ಕಾಲದಲ್ಲೂ ದೊಡ್ಡ ಅಡ್ಡಿಯೇನೂ ಇರಲಿಲ್ಲ. ಹೇಳಿ ಮನೆಗೆ ಬಂದು ಕಾಲು ತೊಳೆದು ಊಟಕ್ಕೆ ಕೂತರೆ ಮುಗಿಯಿತು. ಹೇಳಿದ್ದನ್ನು ಮಾಡಹೊರಟ ರಂಗರಾಯರಂಥವರಿಗೆ ಮಾತ್ರ ಬಹಿಷ್ಕಾರ.

ಈ ಬಹಿಷ್ಕಾರ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯಾರೂ ಬಂದು ಹೊಡೆಯುವುದಿಲ್ಲ. ಪುರೋಹಿತರು ಶ್ರಾದ್ಧಕ್ಕೆ ಬರುವುದಿಲ್ಲ. ಕ್ಷೌರಿಕ ಬರುವುದಿಲ್ಲ. ಮಡಿವಾಳ ಬಟ್ಟೆ ಒಯ್ಯುವುದಿಲ್ಲ. ನೆಂಟರ ಮದುವೆಗೆ ಕರೆಯೋಲೆ ಇಲ್ಲ, ಹೋದರೂ ಪಂಕ್ತಿಯಲ್ಲಿ ಎಲೆ ಹಾಕುವವರಿಲ್ಲ. ಹೆಣ್ಣು ಕೊಡುವುದೂ ತರುವುದೂ ನಿಂತುಹೋಗುತ್ತದೆ. ಕ್ಷೌರಿಕನಿಗಾಗಲಿ ಮಡಿವಾಳನಿಗಾಗಲಿ ರಂಗರಾಯರ ಮೇಲೆ ಸಿಟ್ಟಿತ್ತೇ? ಇರಲಿಕ್ಕಿಲ್ಲ. ಆ ಒಂದು ಮನೆಗೆ ಹೋದರೆ ಉಳಿದ ಮನೆಗಳ ಬಾಗಿಲು ಅವರಿಗೂ ಮುಚ್ಚುತ್ತಿತ್ತು. ಬಲ್ಲಿದರು ತೀರ್ಮಾನ ಮಾಡುತ್ತಾರೆ, ಬಡವರ ಕೈಯಲ್ಲಿ ಅದನ್ನು ನಡೆಸುತ್ತಾರೆ. ಅದರ ಭಾರವೆಲ್ಲ ಬೀಳುವುದು ಅಡುಗೆಮನೆಯ ಮೇಲೆ, ಬಾವಿಕಟ್ಟೆಯ ಮೇಲೆ, ಅಂದರೆ ಮನೆಯ ಹೆಂಗಸರ ಮೇಲೆ. ರಂಗರಾಯರ ಹೆಂಡತಿ ರುಕ್ಮಿಣಿಯವರ ವಿಚಾರ ನಮ್ಮ ಪುಸ್ತಕಗಳಲ್ಲಿ ಎಷ್ಟು ಕಡಿಮೆ ಇದೆ ಎನ್ನುವುದು ನನ್ನನ್ನು ಬಹಳ ನೋಯಿಸುವ ಸಂಗತಿ. ಗಂಡ ಒಂದು ವಿಚಾರಕ್ಕೆ ಬದ್ಧನಾದಾಗ ದಿನದಿನವೂ ಅದರ ಬೆಲೆ ತೆತ್ತವರು ಅವರು.

ಶಾಲೆಗೆ ಪಾಠ ಹೇಳುವವರು ಬೇಕಲ್ಲ? ಮೇಲ್ಜಾತಿಯ ಮಾಸ್ತರರು ಒಪ್ಪಲಿಲ್ಲ. ಬಂದವರು ಕ್ರೈಸ್ತ ಶಿಕ್ಷಕರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟು ಶಾಲೆಗಳನ್ನು ನಡೆಸಿತ್ತಾದ್ದರಿಂದ ಓದು ಬಲ್ಲ ಕ್ರೈಸ್ತರು ಊರಲ್ಲಿದ್ದರು. ಇನ್ನು ಮಕ್ಕಳು ಬರಬೇಕು. ದಣಿಗಳ ಮನೆಯ ದನ ಮೇಯಿಸುವ ಹುಡುಗ ಶಾಲೆಗೆ ಬಂದರೆ ಅವನ ಅಂದಿನ ಗಂಜಿ ತಪ್ಪಿತು. ಈ ಲೆಕ್ಕ ರಂಗರಾಯರಿಗೆ ಗೊತ್ತಿತ್ತು, ಅದಕ್ಕೇ ಮಧ್ಯಾಹ್ನದ ಊಟದ ವ್ಯವಸ್ಥೆ ಮಾಡಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಮೇಲೆ ಮಗ್ಗ ಬಂತು, ಬಡಗಿ ಕೆಲಸ ಬಂತು, ಸ್ವಂತ ನೆಲವಿಲ್ಲದವರಿಗೆ ಮನೆ ಕಟ್ಟಿಕೊಳ್ಳಲು ಜಾಗ ಬಂತು. ಹಂಗಿನಲ್ಲಿ ಬದುಕುವವನು ದಣಿಯ ಮಾತು ಮೀರಲಾರ. ತನ್ನದೇ ಒಂದು ತುಂಡು ನೆಲ ಇದ್ದವನು ಮೀರಬಲ್ಲ. ಬಹಿಷ್ಕಾರವನ್ನು ಸ್ವತಃ ಉಂಡವರಿಗೆ ಈ ಸತ್ಯ ಬೇಗ ಅರ್ಥವಾಗಿರಬೇಕು.

ನಾನು ಚಿಕ್ಕವನಿದ್ದಾಗ ಅಜ್ಜಿಮನೆಯ ಹಿತ್ತಿಲಲ್ಲಿ, ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ ಗೆರಟೆಗಳಿದ್ದವು. ಗದ್ದೆ ಕೆಲಸದವರು ಬಂದಾಗ ಅವರೇ ಅದನ್ನು ತೆಗೆದುಕೊಂಡು ಅಂಗಳದ ಆಚೆ ಕುಕ್ಕುರುಗಾಲಲ್ಲಿ ಕೂರುತ್ತಿದ್ದರು, ಅಜ್ಜಿ ಮೇಲಿನಿಂದ ಚಹಾ ಹೊಯ್ಯುತ್ತಿದ್ದರು. ಕುಡಿದಾದ ಮೇಲೆ ಗೆರಟೆ ತೊಳೆದು ಅದೇ ಗೋಡೆಗೆ. ಅಜ್ಜಿ ಪ್ರೀತಿಯ ಮನುಷ್ಯೆ, ಯಾರನ್ನೂ ಬೈದವರಲ್ಲ. ಎಲ್ಲರ ಮನೆಯಲ್ಲೂ ಹಾಗೇ ನಡೆಯುತ್ತಿತ್ತು, ನಮ್ಮಲ್ಲೂ ನಡೆಯಿತು. ಅದಕ್ಕೆ ಎಷ್ಟೋ ದಶಕ ಹಿಂದೆ ಇದೇ ಕರಾವಳಿಯಲ್ಲಿ ಒಬ್ಬರು ದಲಿತ ಮಕ್ಕಳ ಜತೆ ಕೂತು ಉಣ್ಣಲು ತಯಾರಾಗಿದ್ದರು ಎನ್ನುವುದನ್ನು ನೆನೆದರೆ ಅವರ ಎದೆಗಾರಿಕೆಯ ಅಳತೆ ಸಿಗುತ್ತದೆ.

ರಂಗರಾಯರ ಮಗಳು ರಾಧಾಬಾಯಿ ಮದುವೆಯಾದ ಸ್ವಲ್ಪದರಲ್ಲೇ ಗಂಡನನ್ನು ಕಳೆದುಕೊಂಡರು. ಅಂಥ ಹೆಣ್ಣುಮಕ್ಕಳು ತಲೆ ಬೋಳಿಸಿ ಮೂಲೆಯಲ್ಲಿ ಕೂರುತ್ತಿದ್ದ ಕಾಲ. ರಂಗರಾಯರು ಮಗಳನ್ನು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಕಳಿಸಿದರು. 1912ರಲ್ಲಿ ಆಕೆ ಕುಮಾರಮಂಗಲಂ ಜಮೀನ್ದಾರಿಯ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ರಾಧಾಬಾಯಿ ಆಕ್ಸ್‌ಫರ್ಡಿನಲ್ಲಿ ಓದಿದರು, ದುಂಡುಮೇಜಿನ ಪರಿಷತ್ತಿಗೆ ಹೋದರು. ಊರವರ ಮಕ್ಕಳಿಗೆ ಹೇಳಿದ್ದನ್ನು ಸ್ವಂತ ಮಗಳ ವಿಷಯದಲ್ಲೂ ನಡೆಸಿದ ಸುಧಾರಕರು ಆ ಕಾಲದಲ್ಲಿ ಬೆರಳೆಣಿಕೆಯಷ್ಟು.

ತಾನು ಓದಿಸಿದ ಮಕ್ಕಳು ಮುಂದೆ ಕಾರಿನಲ್ಲಿ ಓಡಾಡಬೇಕು, ಅದರ ಧೂಳು ತನ್ನ ತಲೆಗೆ ತಾಗಬೇಕು ಎಂಬ ರಂಗರಾಯರ ಆಸೆಯನ್ನು ಇಂದು ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಒಳ್ಳೆಯ ಮಾತೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ದಲಿತರಿಗೆ ಸ್ಥಳೀಯ ಆಡಳಿತದಲ್ಲಿ ಜಾಗ ಸಿಗಬೇಕೆಂದು ಅವರು ಹಿಡಿದ ಹಠ. ಕರುಣೆಯಿಂದ ಊಟ ಹಾಕುವವರನ್ನು ಊರು ಹೇಗೋ ಸಹಿಸುತ್ತದೆ. ಸಭೆಯಲ್ಲಿ ಸಮನಾಗಿ ಕುರ್ಚಿ ಹಾಕಿ ಎಂದವರನ್ನು ಸಹಿಸುವುದಿಲ್ಲ.

1927ರಲ್ಲಿ ಸಂನ್ಯಾಸ ಪಡೆದು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಅಂತ್ಯಕ್ರಿಯೆ ಪೌರಕಾರ್ಮಿಕರ ಕೈಯಿಂದ ಆಗಬೇಕೆಂದು ಮೊದಲೇ ಹೇಳಿಟ್ಟಿದ್ದರು. ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಇದೆ. ಗಾಂಧೀಜಿ 1934ರಲ್ಲಿ ಮಂಗಳೂರಿಗೆ ಬಂದಾಗ ರಂಗರಾಯರ ಸಂಸ್ಥೆಯನ್ನು ನೋಡಿಕೊಂಡು ಹೋದರು. ಈಗ ಪುರಭವನಕ್ಕೆ ರಂಗರಾಯರ ಹೆಸರಿದೆ. ಆದರೆ ಇದೇ ಜಿಲ್ಲೆಯಲ್ಲಿ ಕೊರಗ ಸಮುದಾಯದವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ, ಚಿಲಿಂಬಿಯ ಶಾಲೆ ತೆರೆದು 108 ವರ್ಷಗಳಾದ ಮೇಲೆ.