ಇನ್‌ಲೈನ್ ಸ್ಪೀಡ್ ಸ್ಕೇಟಿಂಗ್: ತಂಡದ ಅಭ್ಯಾಸ

ಒಂದರ ಹಿಂದೊಂದು ಗಾಲಿಗಳಿರುವ ಸ್ಕೇಟ್ ತೊಟ್ಟು ಓಡುವ ವೇಗದ ಸ್ಪರ್ಧೆಗೆ ಹವ್ಯಾಸಿಗಳು ಒಟ್ಟಾಗಿ ನಡೆಸುವ ತಯಾರಿ. ಸಾಲುಗಟ್ಟಿ ಓಡುವುದೇ ಇದರ ಜೀವಾಳ. ಮುಂದಿನವರು ಗಾಳಿಯನ್ನು ಸೀಳುವುದರಿಂದ ಹಿಂದಿನವರ ಶ್ರಮ ಉಳಿಯುತ್ತದೆ. ದಣಿಯುವ ಮೊದಲೇ ಮುಂದಿದ್ದವರು ಪಕ್ಕಕ್ಕೆ ಸರಿದು ಸಾಲಿನ ಕೊನೆ ಸೇರುತ್ತಾರೆ. ಒಬ್ಬರು ಎಡವಿದರೆ ಹಿಂದಿದ್ದವರೆಲ್ಲ ಉರುಳಬಹುದು. ಆದ್ದರಿಂದ ಹೊಸಬರಿಗೆ ವೇಗಕ್ಕಿಂತ ಮೊದಲು ಅಂತರ, ಕೈಸನ್ನೆ, ನಿಲ್ಲುವ ಬಗೆ ಕಲಿಸಬೇಕು. ಹೆಲ್ಮೆಟ್ ಇಲ್ಲದವರನ್ನು ಸಾಲಿಗೆ ಸೇರಿಸಲೇಬಾರದು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ಸ್ಪೀಡ್ ಸ್ಕೇಟಿಂಗ್ ರಿಲೇಯಲ್ಲಿ ಭಾರತದ ಪುರುಷರೂ ಮಹಿಳೆಯರೂ ಕಂಚು ಗೆದ್ದರು. ಒಗ್ಗಟ್ಟಿನ ಅಭ್ಯಾಸದ ಬೆಲೆ ಅಲ್ಲಿ ಕಂಡಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಂಥ ಕಡೆ ತಂಡ ಕಟ್ಟುವವರು ವಾಹನ ಓಡಾಡುವ ರಸ್ತೆ ಬಿಟ್ಟು, ಶಾಲೆಯ ಕಾಂಕ್ರೀಟ್ ಅಂಗಳ ಕೇಳಿ ಪಡೆಯಲಿ. ನೆಲ ಒದ್ದೆಯಾದರೆ ಗಾಲಿ ಹಿಡಿತ ತಪ್ಪುತ್ತದೆ. ಅಂದು ಅಭ್ಯಾಸ ಬೇಡ.